ಸಮುದ್ರದ ಮೀನುತೊಟ್ಟಿಗೆ ನಲ್ಲಿ ನೀರು ಹದಮಾಡುವುದು

ನಲ್ಲಿ ನೀರಿನಲ್ಲಿ ಬರೀ ಕ್ಲೋರಿನ್ ಇದ್ದರೆ ಗಾಳಿಯಾಡಿಸುತ್ತ ಒಂದು ದಿನ ಬಿಟ್ಟರೆ ಹೋಗುತ್ತದೆ. ಕ್ಲೋರಿನ್ ಜೊತೆ ಅಮೋನಿಯಾ ಸೇರಿ ಆಗುವ ಕ್ಲೋರಮೈನ್ ಅಷ್ಟಕ್ಕೆಲ್ಲ ಜಗ್ಗುವುದಿಲ್ಲ. ಡಿಕ್ಲೋರಿನೇಟರ್ (ಕ್ಲೋರಿನ್ ತೆಗೆಯುವ ದ್ರಾವಣ) ಹಾಕಿದರೆ ಅದು ಒಡೆದು ಅಮೋನಿಯಾ ಉಳಿಯುತ್ತದೆ. ಹಾಗಾಗಿ ಅಮೋನಿಯಾವನ್ನೂ ಕಟ್ಟಿಹಾಕುವ ದ್ರಾವಣವನ್ನೇ ಆರಿಸಿ.

ನನಗೆ ಹೆಚ್ಚು ಭಯ ತಾಮ್ರದ್ದು. ಕೊಳವೆಯಿಂದ ಇಳಿದು ಬರುವ ಅತ್ಯಲ್ಪ ತಾಮ್ರವೂ ಸಿಗಡಿ, ಹವಳಗಳ ಜೀವ ತೆಗೆಯಬಲ್ಲದು. ಆದ್ದರಿಂದ ನೀರನ್ನು ಕಾರ್ಬನ್ ಫಿಲ್ಟರ್, ಆರ್‌ಒ (ಒತ್ತಡದಿಂದ ನೀರು ಸೋಸುವ ಪೊರೆ), ಕೊನೆಗೆ ಡಿಐ ರೆಸಿನ್ (ಉಳಿದ ಲವಣಗಳನ್ನು ಹಿಡಿಯುವ ಹರಳು) ದಾಟಿಸಿಯೇ ಬಳಸುತ್ತೇನೆ. ಹೊರಬಂದ ನೀರಿಗೆ ಟಿಡಿಎಸ್ ಮೀಟರ್ (ಕರಗಿದ ಲವಣ ಅಳೆಯುವ ಸಾಧನ) ಅದ್ದಿದಾಗ 0 ಬರಬೇಕು. 2 ತೋರಿಸಿದರೂ ಸರಿ, ರೆಸಿನ್ ಬದಲಿಸಿಬಿಡುತ್ತೇನೆ.

ಆಮೇಲೆ ನೀರಿಗೆ ಸಮುದ್ರದ ತೊಟ್ಟಿಗೆಂದೇ ಸಿಗುವ ಉಪ್ಪು ಹಾಕಿ. ಉಪ್ಪಿನ ಮೇಲೆ ನೀರು ಸುರಿದರೆ ಕ್ಯಾಲ್ಸಿಯಂ ಬಿಳಿ ಪುಡಿಯಾಗಿ ತಳಕ್ಕೆ ಕೂರುತ್ತದೆ. ಪಂಪ್‌ನಿಂದ ಕಲಕುತ್ತ, 25 ಡಿಗ್ರಿಯಲ್ಲಿ ಸಾಪೇಕ್ಷ ಸಾಂದ್ರತೆ (ಶುದ್ಧ ನೀರಿನ ಎಷ್ಟು ಪಟ್ಟು ಭಾರ ಎಂಬ ಅಳತೆ) 1.025 ಆದ ಮೇಲೆಯೇ ತೊಟ್ಟಿಗೆ ಬಿಡಿ.