ಮೆತ್ತನೆ ಫೋಟೊಗೆ ಕರಿ ಸಾಕ್ಸು, ಊದಿನಕಡ್ಡಿ

ಮಂಜು ಮುಸುಕಿದ ಹಾಗೆ, ದೀಪದ ಸುತ್ತ ಬೆಳಕು ಹರಡಿಕೊಂಡ ಹಾಗೆ ಕಾಣುವ ಫೋಟೊಗೆ ಲೆನ್ಸ್ ಮುಂದೆ ಹಾಕುವ ಮಿಸ್ಟ್ ಫಿಲ್ಟರ್ ಅನ್ನೋ ಗಾಜು ಸಿಗುತ್ತದೆ. ಒಳ್ಳೆಯದು ಬೇಕಂದರೆ ಜೇಬಿಗೆ ಭಾರ. ಅದಿಲ್ಲದೆಯೂ ಆಗುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮೆತ್ತನೆ ಫೋಟೊ ಅಂದರೆ ಫೋಕಸ್ ತಪ್ಪಿದ ಫೋಟೊ ಅಲ್ಲ. ಕಣ್ಣಿನ ರೆಪ್ಪೆ ಎಣಿಸುವಷ್ಟು ಸ್ಪಷ್ಟ ಇರಬೇಕು, ಅದರ ಮೇಲೆ ಬೆಳಕು ಸ್ವಲ್ಪ ಚೆಲ್ಲಿರಬೇಕು, ಅಷ್ಟೇ. ಚೆಲ್ಲೋದಕ್ಕೆ ಬೆಳಕೇ ಇಲ್ಲದಿದ್ದರೆ ಯಾವ ಉಪಾಯವೂ ನಡೆಯಲ್ಲ, ಫೋಟೊ ಸುಮ್ನೆ ಮಂಕಾಗುತ್ತದೆ. ಬಾದಾಮಿಯ ಅಗಸ್ತ್ಯ ತೀರ್ಥಕ್ಕೆ ಎಲ್ಲರೂ ಸಂಜೆ ಹೋಗುತ್ತಾರೆ, ಯಾಕಂದರೆ ಆಗ ಬಿಸಿಲು ಭೂತನಾಥ ಗುಡಿಯ ಮೇಲೆ ನೇರ ಬಿದ್ದು ಕೆಂಪು ಕಲ್ಲು ಹೊಳೆಯುತ್ತದೆ. ನಮ್ಮ ಕೆಲಸಕ್ಕೆ ಬೆಳಿಗ್ಗೆಯೇ ಸರಿ. ಗುಡಿ ಇರೋದು ಕೆರೆಯ ಪೂರ್ವಕ್ಕೆ. ಸೂರ್ಯ ಬಂಡೆ ದಾಟಿ ಬಂದಾಗ ಊರಿನ ಕಡೆಯ ದಂಡೆಯಲ್ಲಿ ನಿಂತರೆ ಬೆಳಕು ಎದುರಿಗೆ, ನೀರಿನ ಮೇಲೆ ಹೊಳಪು.

ಇನ್ನು ಸಾಕ್ಸು. ಹೆಣ್ಣುಮಕ್ಕಳು ಹಾಕುವ ತೆಳು ನೈಲಾನ್ ಸಾಕ್ಸೇ ಬೇಕು, ಹತ್ತಿಯದಲ್ಲ. ಬೆಳಗಾವಿಯ ಖಡೇ ಬಜಾರಿನಂಥ ಪೇಟೆಯಲ್ಲಿ ಕೇಳಿ ನೋಡಿ. ಕರಿ ಬಣ್ಣದ್ದೇ ತಗೊಳ್ಳಿ. ಬಿಳಿಯದು ಬೆಳಕನ್ನು ತಾನೂ ಚದುರಿಸಿ ನೆರಳೆಲ್ಲ ಬೂದಿ ಬಣ್ಣಕ್ಕೆ ತಿರುಗುತ್ತದೆ. ಒಂದು ತುಂಡು ಕತ್ತರಿಸಿ, ಲೆನ್ಸ್ ಮುಂದೆ ಬಿಗಿಯಾಗಿ ಎಳೆದು ರಬ್ಬರ್ ಬ್ಯಾಂಡ್ ಹಾಕಿ. ಎಷ್ಟು ಎಳೆಯುತ್ತೀರೋ ಅಷ್ಟು ಮಸುಕು ಕಡಿಮೆ. ಮುಖ ಸ್ಪಷ್ಟ ಇದ್ದು ಅಂಚು ಮಾತ್ರ ಕರಗಬೇಕು ಅಂದರೆ, ಬಟ್ಟೆಯನ್ನು ಕ್ಯಾಮೆರಾದಿಂದ ತೆಗೆದು ಒಂದು ಡಬ್ಬಿಯ ಬಾಯಿಗೆ ಎಳೆದು ಕಟ್ಟಿ, ಉರಿಯುವ ಊದಿನಕಡ್ಡಿಯ ತುದಿಯನ್ನು ನಡುವೆ ಮುಟ್ಟಿಸಿ. ನೈಲಾನ್ ಕರಗಿ ದುಂಡಗೆ ತೂತಾಗುತ್ತದೆ, ಅಂಚು ಅಲ್ಲೇ ಗಟ್ಟಿಯಾಗೋದರಿಂದ ಎಳೆ ಬಿಚ್ಚಿಕೊಳ್ಳಲ್ಲ. ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ, ದೊಡ್ಡದಿರಲಿ, ಎಫ್ 1.8 ಅಥವಾ 2.8 (ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು). ಎಫ್ 11ಕ್ಕೆ ಹೋದರೆ ಬಲೆಯ ಗೆರೆ ಕಾಣಿಸಿಕೊಳ್ಳಬಹುದು.

ವ್ಯಾಸಲಿನ್ ಉಪಾಯ ಹಳೆಯದು. ದಯವಿಟ್ಟು ಲೆನ್ಸಿಗೆ ಹಚ್ಚಬೇಡಿ, ಲೆನ್ಸ್ ಮುಂದೆ ತಿರುಗಿಸಿ ಕೂರಿಸುವ ಅಗ್ಗದ ಯುವಿ ಫಿಲ್ಟರ್ ಗಾಜಿನ ಮೇಲೆ ಹಚ್ಚಿ. ಲೆನ್ಸಿನ ಮೇಲೆ ಅಡ್ಡಗೆರೆ ಹೊಡೆದ ಸೊನ್ನೆಯ ಪಕ್ಕ 49, 52, 58 ಅಂತ ಏನಾದರೂ ಇರುತ್ತದೆ, ಅದೇ ಅಳತೆ. ನಡುವೆ ರೂಪಾಯಿ ನಾಣ್ಯದಷ್ಟು ಜಾಗ ಬಿಟ್ಟು ಸುತ್ತ ತೆಳ್ಳಗೆ ಸವರಿ. ಬೆರಳನ್ನು ಮೇಲಿಂದ ಕೆಳಕ್ಕೆ ಎಳೆದರೆ ಬೆಳಕು ಅಡ್ಡಕ್ಕೆ ಹರಿಯುತ್ತದೆ, ಅಡ್ಡ ಎಳೆದರೆ ಉದ್ದಕ್ಕೆ. ಗೋಳಗುಮ್ಮಟದ ಹುಲ್ಲುಹಾಸಿನಲ್ಲಿ ಬೇಸಿಗೆ ಗಾಳಿಗೆ ನಿಂತರೆ ಧೂಳೆಲ್ಲ ಇದಕ್ಕೇ ಅಂಟುತ್ತದೆ, ಡಬ್ಬಿಯಲ್ಲಿಟ್ಟು ಒಯ್ಯಿರಿ. ಆಮೇಲೆ ಪಾತ್ರೆ ಸೋಪಿನಲ್ಲಿ ತೊಳೆದರೆ ಹೋಗುತ್ತದೆ.

ಲೆನ್ಸಿಗೆ ಉಸಿರು ಊದುವ ಉಪಾಯ ಪುಕ್ಕಟೆ. ಆದರೆ ವಿಜಯಪುರದ ಏಪ್ರಿಲ್ ಮಧ್ಯಾಹ್ನ ಗಾಜೇ ಕಾದಿರುತ್ತದೆ, ಆವಿ ನಿಲ್ಲೋದೇ ಇಲ್ಲ. ಚಳಿಗಾಲದ ಬೆಳಿಗ್ಗೆ ಮಾಡಿ. ಫೋಕಸ್ ಮೊದಲೇ ಮಾಡಿ, ಅದು ತಾನಾಗಿ ಬದಲಾಗದಂತೆ ಮ್ಯಾನುವಲ್‌ಗೆ ಹಾಕಿಟ್ಟು, ಊದಿ, ಆವಿ ಅಂಚಿನಿಂದ ಆರುತ್ತಾ ಬರುವಾಗ ಮೂರ್ನಾಲ್ಕು ಬಾರಿ ಒತ್ತಿಬಿಡಿ.

ಮೊಬೈಲ್ ಇದ್ದವರಿಗೂ ಸಾಕ್ಸಿನ ತುಂಡು ನಡೆಯುತ್ತದೆ. ಬ್ಯೂಟಿ ಮೋಡ್ ಮಾತ್ರ ಆಫ್ ಮಾಡಿ, ಅದು ಚರ್ಮವನ್ನೇ ಮೇಣ ಮಾಡಿಬಿಡುತ್ತದೆ.