ಕಾರಿನ ಜಿಪಿಎಸ್‌ನಲ್ಲಿ ಸ್ಪೀಡ್ ಕ್ಯಾಮರಾ ಅಲರ್ಟ್ ಸರಿಯಾಗಿ ಬರ್ತಿಲ್ವಾ? ರೀಸೆಟ್ ಒತ್ತುವ ಮೊದಲು ಇದನ್ನು ನೋಡಿ

ತಲಪಾಡಿ ಗಡಿ ದಾಟಿ ಕೇರಳದ ಕಾಸರಗೋಡು ಕಡೆ ಬರುವಾಗ ಜಿಪಿಎಸ್ ತೆಪ್ಪಗಿರುತ್ತದೆ, ಕ್ಯಾಮರಾ ಕಂಬ ಮಾತ್ರ ಕಣ್ಣೆದುರೇ ಹಾದುಹೋಗುತ್ತದೆ. ಇಲ್ಲವಾದರೆ ಇದರ ಉಲ್ಟಾ, ಕ್ಯಾಮರಾವೇ ಇಲ್ಲದ ಕಡೆ ಕೂಗುತ್ತಲೇ ಇರುತ್ತದೆ. ಹೀಗಾದ ಕೂಡಲೇ ಜಾಸ್ತಿ ಜನ ಮಾಡುವುದು ಫ್ಯಾಕ್ಟರಿ ರೀಸೆಟ್. ದಯವಿಟ್ಟು ಅದನ್ನು ಕೊನೆಗೆ ಇಟ್ಟುಕೊಳ್ಳಿ. ನೀವು ಉಳಿಸಿಟ್ಟ ಜಾಗಗಳೆಲ್ಲ ಹೋಗುತ್ತವೆ, ತೊಂದರೆ ಮಾತ್ರ ಹಾಗೇ ಉಳಿಯುತ್ತದೆ.

ಒಂದು ಅಲರ್ಟ್ ನಿಮ್ಮ ಕಿವಿಗೆ ಬೀಳಬೇಕಾದರೆ ನೀವು ಎಲ್ಲಿದ್ದೀರಿ ಅಂತ ಜಿಪಿಎಸ್‌ಗೆ ಗೊತ್ತಿರಬೇಕು, ಮ್ಯಾಪಿನಲ್ಲಿ ಆ ರಸ್ತೆ ಇರಬೇಕು, ಕ್ಯಾಮರಾ ಪಟ್ಟಿಯಲ್ಲಿ ಆ ಜಾಗ ಇರಬೇಕು, ಆಮೇಲೆ ಸದ್ದು ಸರಿಯಾದ ಸ್ಪೀಕರಿಗೆ ಹೋಗಬೇಕು. ಇದರಲ್ಲಿ ಕೈಕೊಟ್ಟದ್ದು ಯಾವುದು ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಮೊದಲ ಪ್ರಶ್ನೆ: ಹೋಗುವ ಊರನ್ನು ಹಾಕಿ ನ್ಯಾವಿಗೇಶನ್ ಶುರು ಮಾಡಿದ್ದೀರಾ? ಕುಂಬಳೆಯಿಂದ ಮಂಗಳೂರಿಗೆ ವಾರಕ್ಕೊಮ್ಮೆ ಹೋಗುವವರು ದಾರಿ ಗೊತ್ತುಂಟಲ್ಲ ಅಂತ ಮ್ಯಾಪನ್ನು ಸುಮ್ನೆ ತೆರೆದಿಟ್ಟು ಓಡಿಸುತ್ತಾರೆ. ಫೋನಿನ ಗೂಗಲ್ ಮ್ಯಾಪ್ಸ್‌ನಲ್ಲಿ ಅಷ್ಟು ಸಾಲದು. ಮಂಗಳೂರು ಅಂತ ಹಾಕಿ, ಸ್ಟಾರ್ಟ್ ಒತ್ತಿ, ಆಮೇಲೆ ಹೊರಡಿ.

ಇನ್ನು ಸದ್ದು. ಗೂಗಲ್ ಮ್ಯಾಪ್ಸ್‌ನಲ್ಲಿ ನ್ಯಾವಿಗೇಶನ್ ನಡೆಯುವಾಗ ಸ್ಪೀಕರ್ ಗುರುತು ಒತ್ತಿದರೆ ಮೂರು ಆಯ್ಕೆ ಕಾಣುತ್ತವೆ: ಪೂರ್ತಿ ಮಾತು, ಅಲರ್ಟ್ ಮಾತ್ರ, ಪೂರ್ತಿ ಮ್ಯೂಟ್. 'ಬಲಕ್ಕೆ ತಿರುಗಿ, ಎಡಕ್ಕೆ ತಿರುಗಿ' ಕೇಳಿ ಬೇಸರ ಬಂದು ಮ್ಯೂಟ್ ಮಾಡಿದವರು ನಡುವಿನದಕ್ಕೆ ಬದಲಿಸಿ. ಕಾರಿನ ಬ್ಲೂಟೂತಿಗೆ ಫೋನ್ ಸೇರಿಸಿ ರೇಡಿಯೋ ಕೇಳುತ್ತಿದ್ದರೆ ಜಿಪಿಎಸ್ ಮಾತು ಬ್ಲೂಟೂತಿಗೆ ಹೋಗಿ ಅಲ್ಲೇ ಸತ್ತುಹೋಗಬಹುದು. ಆಗ ಮ್ಯಾಪ್ಸ್‌ನ ನ್ಯಾವಿಗೇಶನ್ ಸೆಟ್ಟಿಂಗಿನಲ್ಲಿ 'ಬ್ಲೂಟೂತ್ ಮೂಲಕ ದನಿ' ಅನ್ನುವುದನ್ನು ಆಫ್ ಮಾಡಿ, ಫೋನಿನ ಸ್ಪೀಕರಿನಿಂದಲೇ ಕೇಳಲಿ. ಆಂಡ್ರಾಯ್ಡ್ ಆಟೋ (ಫೋನಿನ ಮ್ಯಾಪನ್ನು ಕಾರಿನ ಪರದೆಯಲ್ಲೇ ತೋರಿಸುವ ವ್ಯವಸ್ಥೆ) ಇರುವ ಗಾಡಿಗಳಲ್ಲಿ ಇನ್ನೊಂದು ತೊಡಕು ಉಂಟು. ಹಾಡಿನ ವಾಲ್ಯೂಮ್ ಬೇರೆ, ನ್ಯಾವಿಗೇಶನ್ ವಾಲ್ಯೂಮ್ ಬೇರೆ, ಮತ್ತು ಎಷ್ಟೋ ಗಾಡಿಗಳಲ್ಲಿ ಆ ಎರಡನೆಯದನ್ನು ಅದು ಮಾತಾಡುತ್ತಿರುವ ಹೊತ್ತಿಗೇ ಗುಂಡಿ ತಿರುಗಿಸಿ ಏರಿಸಬೇಕು. ಪಕ್ಕದಲ್ಲಿ ಕೂತವರಿಗೆ ಹೇಳಿಡಿ, ಅದು ಬಾಯಿ ತೆರೆದ ಕೂಡಲೇ ಅವರು ವಾಲ್ಯೂಮ್ ಏರಿಸಲಿ. ಕನ್ನಡ ದನಿ ಹಾಕಿದ ಮೇಲೆ ಮಾತೇ ನಿಂತಿದ್ದರೆ ಫೋನಿನ ಟೆಕ್ಸ್ಟ್ ಟು ಸ್ಪೀಚ್ (ಬರಹವನ್ನು ಓದಿ ಹೇಳುವ) ಸೆಟ್ಟಿಂಗಿಗೆ ಹೋಗಿ ಕನ್ನಡ ದನಿ ಡೌನ್‌ಲೋಡ್ ಆಗಿದೆಯಾ ನೋಡಿ.

ಅಲರ್ಟ್ ತಡವಾಗಿ, ಕ್ಯಾಮರಾ ದಾಟಿದ ಮೇಲೆ ಬರುತ್ತದಾ? ಹಾಗಾದರೆ ಜಾಗ ಹಿಡಿಯುವುದರಲ್ಲೇ ತೊಂದರೆ. ಫೋನ್ ಆದರೆ ಬ್ಯಾಟರಿ ಸೇವರ್ ಆಫ್ ಮಾಡಿ, ಮ್ಯಾಪ್ಸ್‌ಗೆ ನಿಖರ ಲೊಕೇಶನ್ ಅನುಮತಿ ಕೊಡಿ. ಗಾರ್ಮಿನ್, ಟಾಮ್‌ಟಾಮ್ ಥರದ ಬೇರೆ ಸಾಧನವಾದರೆ ಅದನ್ನು ಗೇರಿನ ಹತ್ತಿರ ತಗ್ಗಿನಲ್ಲಿ ಇಡಬೇಡಿ. ಗಾಜಿನ ಹಿಂದೆ, ಆಕಾಶ ಕಾಣುವ ಕಡೆ ಇರಲಿ. ತಿಂಗಳುಗಟ್ಟಲೆ ಡ್ರಾಯರಿನಲ್ಲಿದ್ದ ಸಾಧನಕ್ಕೆ ಉಪಗ್ರಹ ಹುಡುಕಲು ಕೆಲವು ನಿಮಿಷ ಬೇಕು. ಅಂಗಳದಲ್ಲೇ ಆನ್ ಮಾಡಿ ಸಿಗ್ನಲ್ ಬಂದ ಮೇಲೆ ಹೊರಡಿ. ತುಂಬ ಹಳೇ ಸಾಧನ ಸುಮಾರು ಹತ್ತೊಂಬತ್ತೂವರೆ ವರ್ಷ ಹಿಂದಿನ ತಾರೀಕು ತೋರಿಸಿದರೆ ಕಾರಣ ಇದು: ಜಿಪಿಎಸ್ ವಾರಗಳನ್ನು 1024ರವರೆಗೆ ಎಣಿಸಿ ಮತ್ತೆ ಸೊನ್ನೆಯಿಂದ ಶುರು ಮಾಡುತ್ತದೆ. ಕಳೆದ ಸಲ ಹಾಗಾದದ್ದು 2019ರ ಏಪ್ರಿಲ್ 6ಕ್ಕೆ. ಅದಕ್ಕೆ ಕಂಪನಿಯ ಸಾಫ್ಟ್‌ವೇರ್ ಅಪ್‌ಡೇಟ್ ಹಾಕಬೇಕು, ಬೇರೆ ದಾರಿ ಇಲ್ಲ.

ಈಗ ಮ್ಯಾಪಿನ ವಿಷಯ. ನಮ್ಮ ಕಡೆ ಗಲಾಟೆ ಜಾಸ್ತಿ ಇರುವುದು ಇಲ್ಲೇ. ರಾಷ್ಟ್ರೀಯ ಹೆದ್ದಾರಿ 66 ತಲಪಾಡಿಯಿಂದ ಚೆಂಗಳದವರೆಗೆ ಆರು ಲೇನ್ ಆಯಿತು. ಹಳೇ ರಸ್ತೆ ಇದ್ದ ಕಡೆ ಈಗ ನಡುವೆ ಹೆದ್ದಾರಿ, ಎರಡೂ ಬದಿ ಸರ್ವಿಸ್ ರೋಡ್, ಕಾಸರಗೋಡು ಪೇಟೆಯಲ್ಲಿ ಮೇಲ್ಸೇತುವೆ. ಹಳೇ ಮ್ಯಾಪ್ ಇರುವ ಜಿಪಿಎಸ್‌ಗೆ ಇದೊಂದೂ ಗೊತ್ತಿಲ್ಲ. ನೀವು ಹೊಸ ಲೇನಿನಲ್ಲಿ ಹೋಗುವಾಗ ಗಾಡಿ ಗದ್ದೆಯಲ್ಲಿ ಓಡುತ್ತಿದೆ ಅಂತ ತೋರಿಸುತ್ತದೆ, ಅಥವಾ ನಿಮ್ಮನ್ನು ಎಳೆದು ಪಕ್ಕದ ರಸ್ತೆಗೆ ಅಂಟಿಸುತ್ತದೆ. ಹೊಸ ಮ್ಯಾಪ್ ಇದ್ದರೂ ಮೇಲ್ಸೇತುವೆಯ ಮೇಲಿದ್ದೀರಾ ಕೆಳಗಿದ್ದೀರಾ ಅನ್ನುವುದು ಅದಕ್ಕೆ ಸುಲಭವಾಗಿ ತಿಳಿಯುವುದಿಲ್ಲ, ಯಾಕೆಂದರೆ ಎರಡೂ ರಸ್ತೆ ಒಂದರ ಮೇಲೊಂದು ಇವೆ, ಉಪಗ್ರಹದಿಂದ ಸಿಗುವ ಎತ್ತರದ ಲೆಕ್ಕ ಅಷ್ಟು ನಿಖರವಲ್ಲ. ಜಿಪಿಎಸ್ ಸರ್ವಿಸ್ ರೋಡಿನ ಮಿತಿ ಹಿಡಿದುಕೊಂಡು, ಹೆದ್ದಾರಿಯಲ್ಲಿ ಹೋಗುವವರಿಗೆ 'ವೇಗ ಜಾಸ್ತಿ, ವೇಗ ಜಾಸ್ತಿ' ಅಂತ ಕೂಗುವುದು ಹೀಗಾಗಿಯೇ. ಆಗ ಗಾಬರಿಯಾಗಿ ಬ್ರೇಕ್ ಒತ್ತಲೇಬೇಡಿ! ಹಿಂದೆ ಮೀನಿನ ಲಾರಿಯೋ ಬಸ್ಸೋ ಇರುತ್ತದೆ. ಕನ್ನಡಿ ನೋಡಿ, ರಸ್ತೆ ಬದಿಯ ಬೋರ್ಡ್ ನೋಡಿ. ಬೋರ್ಡಿನಲ್ಲಿ ಇರುವುದೇ ಮಿತಿ.

ಮ್ಯಾಪ್ ಹಳೆಯದಾ ಅಂತ ತಿಳಿಯಲು ಒಂದು ಸುಲಭ ಪರೀಕ್ಷೆ. ಕೇರಳದಲ್ಲಿ ವೇಗದ ಮಿತಿ 2023ರ ಜುಲೈ 1ರಿಂದ ಬದಲಾಯಿತು. ಕಾರಿಗೆ ಆರು ಲೇನ್ ರಾಷ್ಟ್ರೀಯ ಹೆದ್ದಾರಿಯಲ್ಲಿ 110 ಕಿಲೋಮೀಟರ್, ನಾಲ್ಕು ಲೇನಿನಲ್ಲಿ 100, ಉಳಿದ ರಾಷ್ಟ್ರೀಯ ಹೆದ್ದಾರಿಯಲ್ಲಿ 90, ಸಾಮಾನ್ಯ ರಾಜ್ಯ ಹೆದ್ದಾರಿ ಮತ್ತು ಮುಖ್ಯ ಜಿಲ್ಲಾ ರಸ್ತೆಯಲ್ಲಿ 80, ಪೇಟೆಯೊಳಗೆ 50. ಇದು ಮೇಲಿನ ಮಿತಿ, ಜಾಗ ನೋಡಿ ಬೋರ್ಡ್ ಇದಕ್ಕಿಂತ ಕಡಿಮೆ ಹೇಳಬಹುದು. ಎರಡು ಲೇನಿನ ರಾಷ್ಟ್ರೀಯ ಹೆದ್ದಾರಿಯಲ್ಲಿ ನಿಮ್ಮ ಸಾಧನ 85 ಅಂತ ತೋರಿಸುತ್ತಿದ್ದರೆ ಅದು ಹಳೇ ಮಿತಿ, ಅಂದರೆ ಡೇಟಾ 2023ರ ಜುಲೈಗಿಂತ ಹಿಂದಿನದು.

ಗಲ್ಫಿನಿಂದ ಅಣ್ಣನೋ ಭಾವನೋ ತಂದುಕೊಟ್ಟ ಜಿಪಿಎಸ್ ಆದರೆ ಇನ್ನೂ ಮೊದಲು ನೋಡಬೇಕಾದದ್ದು ಒಂದುಂಟು. ಅದರಲ್ಲಿ ಭಾರತದ ಮ್ಯಾಪ್ ಇದೆಯಾ? ಅಲ್ಲಿ ಮಾರುವ ಸಾಧನದಲ್ಲಿ ಆ ಕಡೆಯ ದೇಶಗಳ ಮ್ಯಾಪ್ ಮಾತ್ರ ಇರಬಹುದು. ಹಾಗಿದ್ದರೆ ಭಾರತದ ಮ್ಯಾಪ್ ಬೇರೆಯಾಗಿ ಹಾಕಿಸಬೇಕು.

ಮ್ಯಾಪ್ ಅಪ್‌ಡೇಟ್ ಮಾಡಿದರೂ ಕ್ಯಾಮರಾ ಅಲರ್ಟ್ ಬಾರದೇ ಇದ್ದರೆ ಆಶ್ಚರ್ಯ ಬೇಡ. ಗಾರ್ಮಿನ್, ಟಾಮ್‌ಟಾಮ್‌ಗಳಲ್ಲಿ ಮ್ಯಾಪ್ ಬೇರೆ, ಕ್ಯಾಮರಾ ಪಟ್ಟಿ ಬೇರೆ. ಒಂದನ್ನು ಹಾಕಿದರೆ ಇನ್ನೊಂದು ತಾನಾಗಿ ಬರಬೇಕೆಂದಿಲ್ಲ. ಕಂಪ್ಯೂಟರಿಗೆ ಸೇರಿಸಿ ಗಾರ್ಮಿನ್‌ಗೆ ಗಾರ್ಮಿನ್ ಎಕ್ಸ್‌ಪ್ರೆಸ್, ಟಾಮ್‌ಟಾಮ್‌ಗೆ ಮೈಡ್ರೈವ್ ಕನೆಕ್ಟ್ ಅನ್ನುವ ಅಪ್‌ಡೇಟ್ ಸಾಫ್ಟ್‌ವೇರ್ ತೆರೆದು ಎರಡನ್ನೂ ನೋಡಿ. ಕಂಪ್ಯೂಟರ್ ಸಾಧನವನ್ನು ಗುರುತಿಸದಿದ್ದರೆ ಮೊದಲು ಕೇಬಲ್ ಬದಲಿಸಿ, ಬರೀ ಚಾರ್ಜ್ ಆಗುವ ಕೇಬಲಿನಲ್ಲಿ ಡೇಟಾ ಹೋಗುವುದಿಲ್ಲ.

ಕೆಲವರು ಕ್ಯಾಮರಾ ಜಾಗಗಳ ಫೈಲನ್ನು ಸ್ನೇಹಿತರಿಂದ ತೆಗೆದುಕೊಂಡು ಗಾರ್ಮಿನ್ ಪಿಒಐ ಲೋಡರ್ (ನಮ್ಮದೇ ಜಾಗಗಳ ಪಟ್ಟಿಯನ್ನು ಸಾಧನಕ್ಕೆ ಹಾಕುವ ಸಾಫ್ಟ್‌ವೇರ್) ಮೂಲಕ ಹಾಕುತ್ತಾರೆ. ಇದು ಒಳ್ಳೆಯ ದಾರಿ, ನಾನೂ ಇದನ್ನೇ ಹೇಳುತ್ತೇನೆ, ಆದರೆ ಫೈಲನ್ನು ತೆರೆದು ನೋಡದೆ ಹಾಕಬೇಡಿ. ಸಿಎಸ್‌ವಿ ಫೈಲಿನಲ್ಲಿ (ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಪಟ್ಟಿ) ಪ್ರತಿ ಸಾಲಿನಲ್ಲೂ ಮೊದಲು ರೇಖಾಂಶ, ಆಮೇಲೆ ಅಕ್ಷಾಂಶ, ಆಮೇಲೆ ಹೆಸರು ಬರಬೇಕು. ಕಾಸರಗೋಡು ಪೇಟೆ ಅಂದರೆ ಮೊದಲು 75ರ ಆಸುಪಾಸು, ಆಮೇಲೆ 12.5. ಗೂಗಲ್ ಮ್ಯಾಪ್ಸ್‌ನಲ್ಲಿ ಜಾಗ ಒತ್ತಿ ಹಿಡಿದರೆ ಅದು ಅಕ್ಷಾಂಶವನ್ನು ಮೊದಲು ಕೊಡುತ್ತದೆ, ಅದನ್ನು ಹಾಗೇ ಅಂಟಿಸಿದರೆ ನಿಮ್ಮ ಕ್ಯಾಮರಾ ಉತ್ತರ ಧ್ರುವದ ಹತ್ತಿರದ ಸಮುದ್ರಕ್ಕೆ ಹೋಗಿ ಕೂರುತ್ತದೆ, ನಮ್ಮೂರಲ್ಲಿ ಅಲರ್ಟ್ ಬರುವುದು ಹೇಗೆ? ಹೆಸರಿನ ಕೊನೆಗೆ @60 ಅಂತ ಸೇರಿಸಿದರೆ 60 ದಾಟಿದಾಗ ಮಾತ್ರ ಕೂಗುತ್ತದೆ. ಆದರೆ ಲೋಡರ್ ಕೇಳುವಾಗ ಮೈಲಿ ಆರಿಸಿದ್ದರೆ ಆ 60 ಅಂದರೆ ಗಂಟೆಗೆ ಸುಮಾರು 97 ಕಿಲೋಮೀಟರ್. ಮೆಟ್ರಿಕ್ ಆರಿಸಿ. ಇಂಥ ಫೈಲಿನಲ್ಲಿ ದಿಕ್ಕಿನ ವಿವರ ಇರುವುದಿಲ್ಲ, ಹಾಗಾಗಿ ಎದುರು ಬದಿಯ ಕ್ಯಾಮರಾಕ್ಕೂ ಅಲರ್ಟ್ ಬರಬಹುದು. ಅದಕ್ಕೆ ಒಗ್ಗಿಕೊಳ್ಳಬೇಕು, ಅಷ್ಟೇ.

ಎಷ್ಟು ಮೊದಲು ಎಚ್ಚರಿಸಬೇಕು ಅಂತ ಹಾಕಲು ಆಯ್ಕೆ ಇದ್ದರೆ ಜಾಸ್ತಿ ದೂರವನ್ನೇ ಹಾಕಿ. 90ರ ವೇಗದಲ್ಲಿ ಗಾಡಿ ಸೆಕೆಂಡಿಗೆ 25 ಮೀಟರ್ ಹೋಗುತ್ತದೆ. 200 ಮೀಟರ್ ಮೊದಲು ಹೇಳಿದರೆ ನಿಮಗೆ ಸಿಗುವುದು 8 ಸೆಕೆಂಡ್. 500 ಮೀಟರ್ ಇಟ್ಟರೆ 20 ಸೆಕೆಂಡ್, ಬ್ರೇಕ್ ಒತ್ತದೆ ಆಕ್ಸಿಲರೇಟರ್ ಬಿಟ್ಟೇ ವೇಗ ಇಳಿಸಬಹುದು.

ಜಿಪಿಎಸ್ ತೋರಿಸುವ ವೇಗ ಮತ್ತು ಗಾಡಿಯ ಮೀಟರ್ ಒಂದೇ ಇಲ್ಲ ಅಂತ ತಲೆಕೆಡಿಸಿಕೊಳ್ಳಬೇಡಿ. ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಬಾರದು, ಅದಕ್ಕೇ ತಯಾರಕರು ಅದನ್ನು ಸ್ವಲ್ಪ ಜಾಸ್ತಿ ತೋರಿಸುವ ಹಾಗೆ ಇಟ್ಟಿರುತ್ತಾರೆ.

ಇನ್ನು 'ಅಲರ್ಟ್ ಬರಲಿಲ್ಲ, ಆದರೆ ಫೈನ್ ಬಂತು' ಅನ್ನುವವರಿಗೆ. ಪರಿವಾಹನ್ ಇ-ಚಲನ್ ತಾಣದಲ್ಲಿ ಗಾಡಿ ನಂಬರ್ ಹಾಕಿ ಚಲನ್ ತೆರೆದು, ಯಾವ ತಪ್ಪಿಗೆ ಬಂದದ್ದು ಅಂತ ಓದಿ. 2023ರ ಜೂನ್‌ನಲ್ಲಿ ಕೇರಳದಲ್ಲಿ ಫೈನ್ ಹಾಕಲು ಶುರು ಮಾಡಿದ 726 ಕ್ಯಾಮರಾಗಳಲ್ಲಿ 675 ಇರುವುದು ಹೆಲ್ಮೆಟ್, ಸೀಟ್ ಬೆಲ್ಟ್, ಫೋನ್ ಬಳಕೆ ಥರದ್ದನ್ನು ಹಿಡಿಯಲಿಕ್ಕೆ. ವೇಗ ಅಳೆಯುವವು 8 ಮಾತ್ರ, ಅದರಲ್ಲೂ 4 ಗಾಡಿಯಲ್ಲಿ ಕೂರಿಸಿದವು. ಎಷ್ಟೋ ಪಟ್ಟಿಗಳು ಇವೆಲ್ಲವನ್ನೂ ಸ್ಪೀಡ್ ಕ್ಯಾಮರಾ ಅಂತಲೇ ಬರೆದಿಡುತ್ತವೆ. ಒಂದೇ ಕಂಬಕ್ಕೆ ಒಬ್ಬರ ಜಿಪಿಎಸ್ ಕೂಗಿ ಇನ್ನೊಬ್ಬರದ್ದು ಸುಮ್ಮನಿರುವುದಕ್ಕೆ ಇದೂ ಒಂದು ಕಾರಣ. ರಸ್ತೆ ಬದಿಯಲ್ಲಿ ನಿಂತು ವೇಗ ಅಳೆಯುವ ಇಂಟರ್‌ಸೆಪ್ಟರ್ ಗಾಡಿಯಂತೂ ಯಾವ ಸ್ಥಿರ ಪಟ್ಟಿಯಲ್ಲೂ ಇರುವುದಿಲ್ಲ. ಮುಂದೆ ಹೋದವರು ಯಾರಾದರೂ ವರದಿ ಮಾಡಿದ್ದರೆ, ನಿಮ್ಮ ಫೋನಿಗೆ ನೆಟ್ ಸಿಗುತ್ತಿದ್ದರೆ ಮಾತ್ರ ಗೊತ್ತಾಗುತ್ತದೆ. ಚಲನ್‌ನಲ್ಲಿ ವೇಗದ್ದೇ ತಪ್ಪು ಅಂತ ಇದ್ದರೆ ಮೋಟಾರು ವಾಹನ ಕಾಯಿದೆಯ 183ನೇ ಕಲಮಿನಲ್ಲಿ ಕಾರಿಗೆ 1000ದಿಂದ 2000 ರೂಪಾಯಿವರೆಗೆ ದಂಡ ಉಂಟು, 'ನನ್ನ ಜಿಪಿಎಸ್ ಹೇಳಲಿಲ್ಲ' ಅನ್ನುವುದು ಅಲ್ಲಿ ನಡೆಯುವುದಿಲ್ಲ.

ಎಲ್ಲ ಸರಿ ಮಾಡಿದ ಮೇಲೆ ಒಬ್ಬರೇ ಹೋಗಿ ಪರೀಕ್ಷೆ ಮಾಡಬೇಡಿ. ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಂಡು, ಕ್ಯಾಮರಾ ಇರುವುದು ಗೊತ್ತಿರುವ ಒಂದು ರಸ್ತೆಯಲ್ಲಿ ಮಿತಿಯೊಳಗೇ ಓಡಿಸಿ. ಪರದೆ ನೋಡುವುದು ಅವರ ಕೆಲಸ. ಅಲರ್ಟ್ ಎಲ್ಲಿ ಬಂತು, ಯಾವ ರಸ್ತೆ ಅಂತ ತೋರಿಸಿತು, ಮಿತಿ ಎಷ್ಟು ಅಂತ ಬಂತು, ಮೂರನ್ನೂ ಅವರು ಬರೆದುಕೊಳ್ಳಲಿ. ವಾಪಸ್ ಬರುವಾಗ ಎದುರು ಬದಿಯಲ್ಲೂ ಅದನ್ನೇ ಮಾಡಿ. ಇಷ್ಟಾದ ಮೇಲೂ ತೊಂದರೆ ಹಾಗೇ ಇದ್ದರೆ ಉಳಿಸಿಟ್ಟ ಜಾಗಗಳನ್ನು ಕಂಪ್ಯೂಟರಿಗೆ ಕಾಪಿ ಮಾಡಿಕೊಂಡು ರೀಸೆಟ್ ಒತ್ತಿ.