ನೆತ್ತಿಗೆ ಬರುವ ಗ್ಯಾಲಕ್ಸಿಗಳು

ಹಿತ್ತಲಲ್ಲಿ ಟೆಲಿಸ್ಕೋಪ್ ಇಟ್ಟು ಗ್ಯಾಲಕ್ಸಿ ಫೋಟೊ ತೆಗೀಬೇಕು ಅಂತ ಯಾರಾದರೂ ಬಂದರೆ ನಾನು ಮೊದಲು ಕೇಳುವುದು ನಿಮ್ಮೂರಿನ ಅಕ್ಷಾಂಶ ಎಷ್ಟು ಅಂತ. ಯಾವ ಕ್ಯಾಮೆರಾ, ಯಾವ ಲೆನ್ಸು ಅನ್ನುವುದು ಆಮೇಲಿನ ಮಾತು.

ನಮ್ಮ ಮನೆ ತುಮಕೂರಿನ ಹೊರವಲಯದಲ್ಲಿದೆ. ಅಕ್ಷಾಂಶ ಸುಮಾರು 13 ಡಿಗ್ರಿ ಉತ್ತರ. ಆಕಾಶದ ಗೋಳದಲ್ಲಿ, ಭೂಮಿಯ ಸಮಭಾಜಕದ ನೇರ ಮೇಲಿರುವ ಆಕಾಶದ ಸಮಭಾಜಕದಿಂದ ಉತ್ತರಕ್ಕೆ 13 ಡಿಗ್ರಿ ಆಸುಪಾಸಿನಲ್ಲಿ ಏನೆಲ್ಲ ಇದೆಯೋ ಅದೆಲ್ಲ ನಮ್ಮ ನೆತ್ತಿಯ ಮೇಲೇ ಹಾದು ಹೋಗುತ್ತದೆ. ಸಿಂಹ ರಾಶಿಯ ಎಂ65, ಎಂ66, ಎನ್‌ಜಿಸಿ 3628 ಅನ್ನುವ ಗ್ಯಾಲಕ್ಸಿಗಳು ಮೂರೂ ಅಲ್ಲೇ ಇವೆ. ಕನ್ಯಾ ರಾಶಿ ಕಡೆಯ ಮಾರ್ಕೇರಿಯನ್ ಸರಪಳಿ ಅನ್ನುವ ಗ್ಯಾಲಕ್ಸಿಗಳ ಸಾಲೂ ಅಲ್ಲೇ. ಯುರೋಪಿನಲ್ಲಿ ಕೂತು ಫೋಟೊ ತೆಗೆಯುವವರಿಗೆ ಈ ಭಾಗ್ಯ ಇಲ್ಲ.

ನೆತ್ತಿ ಯಾಕೆ ಅಷ್ಟು ಮುಖ್ಯ? ದಿಗಂತದಿಂದ 30 ಡಿಗ್ರಿ ಎತ್ತರದಲ್ಲಿರುವ ನಕ್ಷತ್ರದ ಬೆಳಕು, ನೆತ್ತಿಯಲ್ಲಿರುವುದಕ್ಕಿಂತ ಎರಡರಷ್ಟು ಗಾಳಿ ದಾಟಿ ಬರಬೇಕು. ಧೂಳು, ಊರಿನ ಬೆಳಕು ಎಲ್ಲ ಕೆಳಗೇ ಜಾಸ್ತಿ. ನಮಗಂತೂ ಆಗ್ನೇಯದಲ್ಲಿ ಬೆಂಗಳೂರಿನ ಮಂಕು ಬೆಳಕು, ಉತ್ತರಕ್ಕೆ ತೆಂಗಿನ ಮರಗಳು. ನೆತ್ತಿ ಒಂದೇ ಖಾಲಿ.

ಕಾಲವೂ ಒದಗಿ ಬರುತ್ತದೆ. ಸಿಂಹದ ಈ ಮೂರು ಗ್ಯಾಲಕ್ಸಿಗಳು ಮಾರ್ಚ್ ಮಧ್ಯದಲ್ಲಿ ನಡುರಾತ್ರಿ ಹೊತ್ತಿಗೆ ನೆತ್ತಿಗೆ ಬರುತ್ತವೆ. ಏಪ್ರಿಲ್ ಮಧ್ಯಕ್ಕೆ ಎರಡು ಗಂಟೆ ಮುಂಚೆಯೇ ಬಂದಿರುತ್ತವೆ. ಮೋಡದ ಕಾಟ ಕಡಿಮೆ ಇರುವ ತಿಂಗಳುಗಳು. ಅಮಾವಾಸ್ಯೆ ಹಿಂದೆಮುಂದೆ ಒಂದು ವಾರ ಬಿಡುವು ಮಾಡಿಕೊಂಡರೆ ಆಯಿತು.

ನನ್ನ ಟೆಲಿಸ್ಕೋಪ್ ಸಣ್ಣದೇ. 80 ಮಿಲಿಮೀಟರ್ ಲೆನ್ಸಿನ ಟೆಲಿಸ್ಕೋಪ್, ಅಂದರೆ ರಿಫ್ರ್ಯಾಕ್ಟರ್, ಫೋಕಲ್ ಲೆಂಗ್ತ್ 480 ಮಿಲಿಮೀಟರ್. ಕ್ಯಾಮೆರಾ ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್. ದುಡ್ಡು ಹೋಗಿದ್ದು ಟೆಲಿಸ್ಕೋಪನ್ನು ಹೊತ್ತು ತಿರುಗಿಸುವ ಮೌಂಟಿಗೆ, ಅಲ್ಲಿಗೇ ಹೋಗಬೇಕು ಕೂಡ. ಭೂಮಿ ತಿರುಗುವ ವೇಗಕ್ಕೆ ಸರಿಯಾಗಿ ಟೆಲಿಸ್ಕೋಪನ್ನು ತಿರುಗಿಸದಿದ್ದರೆ ಎಂಥ ಲೆನ್ಸ್ ಇದ್ದರೂ ನಕ್ಷತ್ರಗಳು ಗೆರೆ ಗೆರೆಯಾಗಿ ಬರುತ್ತವೆ.

ಟ್ರೈಪಾಡ್ ಬದಲು ಒಂದು ಕಂಬ ಹಾಕಿಸಿದೆ. ಎರಡು ಅಡಿ ಗುಂಡಿ ತೋಡಿ, ಆರಿಂಚಿನ ಪಿವಿಸಿ ಪೈಪ್ ನಿಲ್ಲಿಸಿ, ಒಳಗೆ ಕಬ್ಬಿಣದ ಸರಳು ಇಳಿಬಿಟ್ಟು ಕಾಂಕ್ರೀಟ್ ತುಂಬಿಸಿದ್ದು. ಮೇಲಿನ ತಟ್ಟೆ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದೆ. ಗಾರೆ ಕೆಲಸದವರು ರಸಮಟ್ಟ ಇಟ್ಟು ಕೂರಿಸಿಕೊಟ್ಟರು. ಟ್ರೈಪಾಡ್ ಆದರೆ, ನೆತ್ತಿಯ ಕಡೆ ಮುಖ ಮಾಡಿದಾಗ ಉದ್ದನೆ ರಿಫ್ರ್ಯಾಕ್ಟರ್‌ನ ಹಿಂಬದಿ, ಅಂದರೆ ಕ್ಯಾಮೆರಾ ಇರುವ ತುದಿ, ಅದರ ಕಾಲಿಗೆ ತಾಗುತ್ತದೆ. ಒಳ್ಳೆಯ ಹೊತ್ತಿನಲ್ಲೇ ಕೆಲಸ ನಿಲ್ಲಿಸಬೇಕಾಗುತ್ತದೆ. ಕಂಬಕ್ಕೆ ಕಾಲುಗಳಿಲ್ಲವಲ್ಲ, ಕ್ಯಾಮೆರಾ ಪಕ್ಕದಲ್ಲೇ ಇಳಿದು ಹೋಗುತ್ತದೆ.

ಕಂಬದಿಂದ ಇನ್ನೊಂದು ಲಾಭ, ಮೌಂಟಿನ ಅಚ್ಚನ್ನು ಆಕಾಶದ ಧ್ರುವಕ್ಕೆ ಹೊಂದಿಸುವ ಕೆಲಸ ಒಂದೇ ಸಲಕ್ಕೆ ಮುಗಿಯುತ್ತದೆ. ನಮ್ಮಲ್ಲಿ ಧ್ರುವ ನಕ್ಷತ್ರ ದಿಗಂತದಿಂದ 13 ಡಿಗ್ರಿ ಮಾತ್ರ ಮೇಲೆ. ತೆಂಗಿನ ಗರಿಗಳ ಹಿಂದೆ ಅದು ಕಾಣುವುದೇ ಇಲ್ಲ. ಹಾಗಾಗಿ ಡ್ರಿಫ್ಟ್ ವಿಧಾನ ಹಿಡಿದೆ. ದಕ್ಷಿಣದಲ್ಲಿ, ಆಕಾಶದ ಸಮಭಾಜಕದ ಹತ್ತಿರ ಒಂದು ನಕ್ಷತ್ರ ಹಿಡಿದು, ಅದು ಉತ್ತರಕ್ಕೋ ದಕ್ಷಿಣಕ್ಕೋ ಜಾರುತ್ತಿದೆಯಾ ನೋಡುವುದು. ಜಾರಿದರೆ ಮೌಂಟನ್ನು ಎಡಕ್ಕೋ ಬಲಕ್ಕೋ ಕೂದಲೆಳೆಯಷ್ಟು ತಿರುಗಿಸುವುದು. ಆಮೇಲೆ ಪೂರ್ವದಲ್ಲಿ ಕೆಳಗಿರುವ ನಕ್ಷತ್ರ ಹಿಡಿದು ಎತ್ತರ ಸರಿಮಾಡುವುದು. ಪಿಎಚ್‌ಡಿ2 ಅನ್ನುವ ಉಚಿತ ಸಾಫ್ಟ್‌ವೇರ್ ಜಾರುವಿಕೆಯನ್ನು ಗೆರೆ ಹಾಕಿ ತೋರಿಸುತ್ತದೆ. ಆಮೇಲೆ ಬೋಲ್ಟ್ ಬಿಗಿಮಾಡಿ, ಹಗಲು ಟಾರ್ಪಾಲ್ ಹೊದಿಸಿಟ್ಟರೆ ಸಾಕು.

ಪಕ್ಕದ ಮನೆಯವರನ್ನು ಮಾತ್ರ ಕೇಳಿಕೊಳ್ಳಬೇಕಾಯಿತು. "ಅಕ್ಕಾ, ಹತ್ತು ಗಂಟೆ ಮೇಲೆ ಹಿತ್ತಲ ಲೈಟ್ ಆರಿಸಿಬಿಡ್ತೀರಾ?" ಅಂದೆ. "ಆರಿಸ್ತೀನಪ್ಪ, ಏನಾದ್ರೂ ಕಾಣಿಸಿದ್ರೆ ನಮಗೂ ತೋರ್ಸು" ಅಂದರು. ಈಗ ಅವರೇ ನೆನಪಿಟ್ಟುಕೊಂಡು ಆರಿಸುತ್ತಾರೆ.

ಸಿಂಹದ ಮೂವರನ್ನು ಹುಡುಕುವುದು ಸುಲಭ. ಮಳೆ ಲೆಕ್ಕದಲ್ಲಿ ಬರುತ್ತದಲ್ಲ ಹುಬ್ಬೆ, ಅದು ಎರಡು ನಕ್ಷತ್ರಗಳ ಜೋಡಿ. ದಕ್ಷಿಣದ್ದನ್ನು ಹಿಡಿದು ಇನ್ನೂ ದಕ್ಷಿಣಕ್ಕೆ, ಸ್ವಲ್ಪ ಪೂರ್ವಕ್ಕೆ ವಾಲಿಸಿ ಎರಡೂವರೆ ಡಿಗ್ರಿ ಸರಿದರೆ ಮೂರೂ ಒಂದೇ ಚೌಕಟ್ಟಿಗೆ ಬರುತ್ತವೆ. ಫೋಕಸ್‌ಗೆ ಬಾಹ್ಟಿನೋವ್ ಮಾಸ್ಕ್ ಅನ್ನುವ ಸೀಳುಗಳಿರುವ ಮುಚ್ಚಳ ಹಾಕುತ್ತೇನೆ. ನಕ್ಷತ್ರದ ಸುತ್ತ ಮೂರು ಗೆರೆ ಮೂಡುತ್ತವೆ, ನಡುವಿನ ಗೆರೆ ಸರಿಯಾಗಿ ಮಧ್ಯಕ್ಕೆ ಬಂದರೆ ಫೋಕಸ್ ಆಯಿತು. ರಾತ್ರಿ ತಣ್ಣಗಾದ ಹಾಗೆ ಕೊಳವೆ ಕುಗ್ಗುತ್ತದೆ, ಗಂಟೆಗೊಮ್ಮೆ ಮತ್ತೆ ನೋಡಬೇಕು.

ಐಎಸ್‌ಒ 800, ಒಂದೊಂದು ಫ್ರೇಮ್‌ಗೆ ಎರಡು ನಿಮಿಷ. ಒಂದೇ ಫ್ರೇಮ್ ನೋಡಿದರೆ ಏನೂ ಕಾಣದು, ಮಸುಕಾದ ಮೂರು ಕಲೆ ಅಷ್ಟೇ. ಅಂಥ ಫ್ರೇಮ್‌ಗಳನ್ನು ನಾಲ್ಕು ಗಂಟೆಯಷ್ಟಾದರೂ ಕೂಡಿಹಾಕಬೇಕು. ಫ್ರೇಮ್ ನಾಲ್ಕು ಪಟ್ಟಾದರೆ ಚಿತ್ರದ ಕರಕರೆ ಅರ್ಧಕ್ಕಿಳಿಯುತ್ತದೆ. ಇದಕ್ಕೆ ಅಡ್ಡದಾರಿ ಇಲ್ಲ. ಬೆಳಗಿನ ಜಾವ ಕ್ಯಾಮೆರಾ ಕಳಚದೆ, ಫೋಕಸ್ ಮುಟ್ಟದೆ, ಕೊಳವೆಯ ಬಾಯಿಗೆ ಹಳೇ ಬಿಳಿ ಪಂಚೆ ಬಿಗಿದು ಫ್ಲಾಟ್ ಫ್ರೇಮ್, ಅಂದರೆ ಬರೀ ಸಮ ಬೆಳಕಿನ ಫೋಟೊ, ತೆಗೆಯುತ್ತೇನೆ. ಸೆನ್ಸರ್ ಮೇಲಿನ ಧೂಳಿನ ಕಲೆ, ಮೂಲೆಗಳ ಕಪ್ಪು ಅದರಿಂದ ಹೋಗುತ್ತವೆ. ಫ್ರೇಮ್‌ಗಳನ್ನೆಲ್ಲ ಜೋಡಿಸುವುದಕ್ಕೆ ಸಿರಿಲ್ ಅನ್ನುವ ಸಾಫ್ಟ್‌ವೇರ್ ಬಳಸುತ್ತೇನೆ, ಅದೂ ಉಚಿತ.

ಊರಿನ ಬೆಳಕು ತಡೆಯುವ ಫಿಲ್ಟರ್ ತಗೊಳ್ಳಲಾ ಅಂತ ತುಂಬಾ ಜನ ಕೇಳುತ್ತಾರೆ. ಕೆಲವೇ ಬಣ್ಣಗಳಲ್ಲಿ ಹೊಳೆಯುವ ನೆಬ್ಯುಲಾಗಳಿಗೆ, ಅಂದರೆ ಅನಿಲದ ಮೋಡಗಳಿಗೆ, ಅದು ಚೆನ್ನ. ಗ್ಯಾಲಕ್ಸಿಯ ಬೆಳಕು ಅಂದರೆ ನಕ್ಷತ್ರಗಳ ಬೆಳಕು, ಎಲ್ಲ ಬಣ್ಣವೂ ಇರುತ್ತದೆ. ಫಿಲ್ಟರ್ ಹಾಕಿದರೆ ಬೇಕಾದದ್ದೂ ಸೋರಿಹೋಗುತ್ತದೆ. ಆ ದುಡ್ಡಲ್ಲಿ ಪೆಟ್ರೋಲ್ ಹಾಕಿಸಿ ಕತ್ತಲಿರುವ ಊರಿಗೆ ಹೋಗಿ ಅನ್ನುವುದು ನನ್ನ ಸಲಹೆ.

ಮೂರರಲ್ಲಿ ನನಗೆ ಇಷ್ಟ ಎನ್‌ಜಿಸಿ 3628. ಖಗೋಳಜ್ಞ ಷಾರ್ಲ್ ಮೆಸ್ಸಿಯೆ ಮಾಡಿದ, ಎಂ ಅಕ್ಷರದ ಸಂಖ್ಯೆಗಳಿರುವ ಪಟ್ಟಿಯಲ್ಲಿ ಉಳಿದೆರಡು ಸೇರಿವೆ, ಇದು ಇಲ್ಲ. 1784ರಲ್ಲಿ ವಿಲಿಯಂ ಹರ್ಷೆಲ್ ಕಂಡುಹಿಡಿದರು. ಅಷ್ಟು ಮಂಕು. ಅಂಚಿನ ಕಡೆಯಿಂದ ಕಾಣುವ ಗ್ಯಾಲಕ್ಸಿ ಇದು, ನಡುವೆ ಉದ್ದಕ್ಕೂ ಕಪ್ಪು ಧೂಳಿನ ಪಟ್ಟಿ. 3 ಕೋಟಿ ಜ್ಯೋತಿರ್ವರ್ಷಕ್ಕೂ ಆಚೆಯ ಧೂಳು ನಮ್ಮ ಹಿತ್ತಲಲ್ಲಿ ತೆಗೆದ ಫೋಟೊದಲ್ಲಿ ಬಿಡಿಸಿ ಕಾಣುತ್ತದೆ ಅಂದರೆ ನನಗೆ ಇವತ್ತಿಗೂ ಮೈ ಜುಮ್ ಅನ್ನುತ್ತದೆ. ಪಕ್ಕದ ಮನೆ ಅಕ್ಕನಿಗೆ ಲ್ಯಾಪ್‌ಟಾಪಿನಲ್ಲಿ ತೋರಿಸಿದ್ದೂ ಇದನ್ನೇ.

ನೆತ್ತಿ ಬಿಟ್ಟು ಕೆಳಗೆ ನೋಡುವುದು ಒಂದೇ ಒಂದಕ್ಕೆ, ಒಮೆಗಾ ಸೆಂಟಾರಿಗೆ. ಸುಮಾರು ಒಂದು ಕೋಟಿ ನಕ್ಷತ್ರಗಳ ಗೋಲಾಕಾರದ ಗುಚ್ಛ. ನಮಗೆ ದಕ್ಷಿಣದಲ್ಲಿ 30 ಡಿಗ್ರಿ ಎತ್ತರಕ್ಕೆ ಬರುತ್ತದೆ, ಲಂಡನ್ನಿನಿಂದ ಕಾಣುವುದೇ ಇಲ್ಲ. ಬೆಳಕು ಒತ್ತೊತ್ತಾಗಿರುವುದರಿಂದ ಕೆಳಗಿದ್ದರೂ ತಡೆದುಕೊಳ್ಳುತ್ತದೆ. ಇದಕ್ಕೆ ಎರಡು ನಿಮಿಷ ಕೊಟ್ಟರೆ ನಡುಭಾಗ ಸುಟ್ಟು ಬಿಳಿ ಮುದ್ದೆಯಾಗುತ್ತದೆ. 30 ಸೆಕೆಂಡು ಸಾಕು. ಮೇ ಮೊದಲ ವಾರ ರಾತ್ರಿ ಹನ್ನೊಂದರ ಹೊತ್ತಿಗೆ ದಕ್ಷಿಣಕ್ಕೆ ತಿರುಗಿ ನಿಲ್ಲಿ. ಮೇಲೆ ಚಿತ್ತಾ ನಕ್ಷತ್ರ ಕಾಣುತ್ತದೆ. ಅದರಿಂದ ನೇರ ಕೆಳಗೆ 36 ಡಿಗ್ರಿ ಇಳಿದರೆ ಸಿಗುತ್ತದೆ, ಕತ್ತಲಿರುವ ಊರಾದರೆ ಬರಿಗಣ್ಣಿಗೇ.